ಏಳನೇ ಸಾಲಿನ ಟಿಕ್

2003 ಜುಲೈ 14, ಸೋಮವಾರ. ಮಧ್ಯಾಹ್ನ
ಇನ್ನೂ ಮೂವತ್ತೊಂದು ಬಾಕಿ. ನಡತೆಯ ಫಾರಂ — ಮಗುವಿಗೆ ಹತ್ತು ಸಾಲು, ಸಾಲಿಗೆ ಐದು ಚೌಕ. ಒಂದು ಎಂದರೆ ‘ಎಂದೂ ಇಲ್ಲ’, ಐದು ಎಂದರೆ ‘ಯಾವಾಗಲೂ’. ಅರವತ್ತೆರಡು ಮಕ್ಕಳು, ಒಂದೇ ಫ್ರೀ ಪೀರಿಯಡ್. ತಲೆಹರಟೆಗಳಿಗೆ ಯೋಚಿಸಿ ತುಂಬಿದೆ. ಒಳ್ಳೆಯವರಿಗೆ ಮೇಲಿಂದ ಕೆಳಗೆ ಐದರಲ್ಲೇ ಸರಸರನೆ ಟಿಕ್. ಐಶ್ವರ್ಯಳಿಗೆ ಹತ್ತೂ ಐದು. ಆರನೇ ಕ್ಲಾಸಿನಲ್ಲಿ ಅಷ್ಟು ಮೆತ್ತಗಿನ ಹುಡುಗಿ ಇನ್ನೊಬ್ಬಳಿಲ್ಲ.

ಜುಲೈ 21
ಐಶ್ವರ್ಯಳ ಎಡಗೆನ್ನೆ ಊದಿ ಕಣ್ಣು ಮುಚ್ಚಿದೆ. ಕಿವಿಯಲ್ಲಿ ಹತ್ತಿ, ಹತ್ತಿಯಲ್ಲಿ ರಕ್ತ. “ಬಿದ್ದೆ ಮಿಸ್.” ಗದರಿದೆ. ಮನೆಗೆ ಸಹಿಗೆಂದು ಕಳಿಸಿದ್ದ ಫಾರಂ ಬ್ಯಾಗಿನಿಂದ ತೆಗೆದು ಕೊಟ್ಟಳು. ಅಪ್ಪ ರುದ್ರೇಶರ ಸಹಿ. ಏಳನೇ ಸಾಲಿಗೆ ಕೆಂಪು ಗೆರೆ — ‘ಸಹಪಾಠಿಗಳಿಗೆ ಹೊಡೆಯುತ್ತಾಳೆ’. ಯಾವಾಗಲೂ.
ಉಳಿದ ಒಂಬತ್ತೂ ಒಳ್ಳೆಯ ಗುಣಗಳು. ಇದೊಂದೇ ಉಲ್ಟಾ. ಓದಲೇ ಇಲ್ಲ ನಾನು...
“ಅಪ್ಪ... ಅಂಗಡೀಲಿ, ಹಮಾಲರ ಮುಂದೇನೇ... ಬೆಲ್ಟಲ್ಲಿ” ಎಂದಳು.

ಜುಲೈ 22
ಹೆಡ್‌ಮಾಸ್ಟರ್ ಶ್ರೀನಿವಾಸಯ್ಯನವರಿಗೆ ಹೇಳಿದೆ.
“ಓದಿ ತುಂಬ್ತೀರಾ ಅಂತ ನೋಡೋಕೇ ಆ ಸಾಲು ಉಲ್ಟಾ ಹಾಕಿರೋದಮ್ಮ. ಈಗ ತಿದ್ದೋಕಾಗಲ್ಲ, ಇದರ ನಕಲು ಇಲಾಖೆ ಆಫೀಸಿಗೆ ಹೋಗಾಯ್ತು.”
ಅವರ ಕುತ್ತಿಗೆ ಹಿಸುಕಬೇಕೆನಿಸಿತು. ರುದ್ರೇಶರಿಗೆ ನಿಜ ತಿಳಿಸಿ ಚೀಟಿ ಬರೆದೆ. ಹರಿದುಹಾಕಿದೆ. ಹೆದರಿಕೆ, ಅಷ್ಟೇ.

ಆಗಸ್ಟ್ 11
ಎರಡನೇ ಸಲದ ಫಾರಂ ಬಂದಿದೆ. ಅದೇ ಹತ್ತು ಸಾಲು. ಗೇಟಿನ ಬಳಿ ರುದ್ರೇಶ್ ಕಾದಿದ್ದರು. “ಮುಚ್ಚುಮರೆ ಮಾಡ್ಬೇಡಿ ಮಿಸ್. ಇನ್ನೊಂದ್ಸಲ ಯಾರಿಗಾದ್ರೂ ಹೊಡೆದ್ಲು ಅಂದ್ರೆ ಆ ಕೈ ಮುರೀತೀನಿ.”
ತಪ್ಪು ನನ್ನದು ಎನ್ನಲು ಬಾಯಿ ತೆರೆದೆ. ಬೆಲ್ಟ್ ಕಣ್ಣಿಗೆ ಬಿತ್ತು. “ಆಗಲಿ” ಎಂದೆ. ಥೂ ನನ್ನ ಜನ್ಮಕ್ಕೆ.

ಆಗಸ್ಟ್ 18
ಗಣಿತದ ಪೀರಿಯಡ್. ಪಕ್ಕದ ತನ್ಮಯಿಯ ಕೈಗೆ ಐಶ್ವರ್ಯ ಕೈವಾರದ ಮೊನೆ ಚುಚ್ಚಿದಳು. ಮೂರು ಸಲ. ಬೆಂಚೆಲ್ಲ ರಕ್ತ. ಓಡಿಹೋಗಿ ಐಶ್ವರ್ಯಳ ಕೆನ್ನೆಗೆ ಬಾರಿಸಿದೆ — ಅದೇ ಎಡಗೆನ್ನೆಗೆ. ಅಳಲಿಲ್ಲ ಹುಡುಗಿ.
“ನೀವೇ ಬರ್ದಿದೀರಲ್ಲ ಮಿಸ್, ಯಾವಾಗ್ಲೂ ಅಂತ.”
ಕೈ ಇನ್ನೂ ಉರಿಯುತ್ತಿದೆ.

ಆಗಸ್ಟ್ 19. ಸಂಜೆ ಐದು
ತರಗುಪೇಟೆ. ರುದ್ರೇಶರ ಅಂಗಡಿಯ ಎದುರು ಜಗಲಿಯಲ್ಲಿ ಕೂತಿದ್ದೇನೆ. ಹಳೆಯ ಫಾರಂ ತಂದಿದ್ದೇನೆ. ತಪ್ಪು ಒಪ್ಪಿಕೊಂಡೇ ಹೋಗುವುದು. ಕಾಲು ಏಳುತ್ತಿಲ್ಲ, ಅದಕ್ಕೇ ಈ ಬರೆಯುವ ನೆಪ. ಐಶ್ವರ್ಯ ಒಳಗೆ ಮೂಟೆಯ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಾಳೆ. ತನ್ಮಯಿಯ ಅಪ್ಪ ಈಗಷ್ಟೇ ಕೂಗಾಡಿ ಹೊರಗೆ ಬಂದರು. ರುದ್ರೇಶ್ ಎದ್ದರು. ಬೆಲ್ಟ್‌ಗೆ ಕೈ ಹಾಕಿದರು. ಬರೆದದ್ದು ಸಾಕು. ಹೋಗಿ ಅಡ್ಡ ನಿಲ್ಲಬೇ—