ಗುಬ್ಬಿಯ ಒದೆತ

ಭಾನುವಾರ, ಮಾರ್ಚ್ ೯
ಮಧ್ಯಾಹ್ನ

ಅಮ್ಮನಿಗೆ ನಮಸ್ಕಾರ.

ನಮಸ್ಕಾರ ಬರೆದದ್ದು ಅಭ್ಯಾಸಬಲದಿಂದ. ಹೇಗಿದ್ದೀಯ, ಚಿಕ್ಕಮ್ಮನ ಮನೆ ಹಿಡಿಸಿತೇ, ಮಂಡಿನೋವು ಇಳಿಯಿತೇ ಎಂದೆಲ್ಲ ವಿಚಾರಿಸುವ ಸ್ಥಿತಿಯಲ್ಲಿ ನಾನಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಬೇಡದ ಮಾತು ಬಂದಾಗಲೆಲ್ಲ ನಿನ್ನ ಕಿವಿ ಕೈಕೊಡುತ್ತದೆ. ಮೂವತ್ತು ವರ್ಷ ಬಂದೂಕುಗಳ ನಡುವೆ ಕಳೆದವಳು ಕಿವಿ ಹೋಗಿದೆ ಎಂದರೆ ಯಾರೂ ಅನುಮಾನಿಸುವುದಿಲ್ಲ. ಪಕ್ಕದ ಕೋಣೆಯಲ್ಲಿ ಚಿಕ್ಕಮ್ಮ ನಿನ್ನ ಬಗ್ಗೆ ಪಿಸುಗುಟ್ಟಿದರೆ ಅದು ಮಾತ್ರ ಅಕ್ಷರ ಅಕ್ಷರವಾಗಿ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಕೇಳಿಸಲಿಲ್ಲ ಎಂದು ನೀನು ಇದರಿಂದ ತಪ್ಪಿಸಿಕೊಳ್ಳಲಾರೆ.

ಕಳೆದ ಸೋಮವಾರ ಗುರಿ ಮೇಷ್ಟ್ರು ನಮ್ಮ ತರಬೇತಿ ಶೆಡ್ಡಿಗೆ ಬಂದಿದ್ದರು. ಅವರು ನಿವೃತ್ತರಾಗಿ ಮೂರು ವರ್ಷವಾಯಿತು, ಅವರ ಜಾಗದಲ್ಲಿ ಈಗ ನಾನು ನಿಂತಿದ್ದೇನೆ. ಆದರೂ ತಿಂಗಳಿಗೊಮ್ಮೆ ಬಂದು ನನ್ನ ಶಿಷ್ಯರ ನಿಲುವಿನಲ್ಲಿ ನಾಲ್ಕು ಹುಳುಕು ಹುಡುಕದೆ ಹೋದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಚಹಾ ಕುಡಿಯುತ್ತ ಆಯುಧದ ಕಪಾಟಿನೊಳಗೆ ಇಣುಕಿ, “ಗುಬ್ಬಿ ಇನ್ನೂ ಇದೆಯೇನಮ್ಮ?” ಎಂದು ನಕ್ಕರು. ಇದೆ ಎಂದೆ. ಆಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: “ನಿಮ್ಮಮ್ಮಂದು ಭಾರಿ ಕಿತಾಪತಿ. ನಿನ್ನ ಪರೀಕ್ಷೆ ವಾರ ಅದರ ರಬ್ಬರ್ ಹಿಡಿ ಬಿಚ್ಚಿ ಮರದ್ದು ಹಾಕಿದ್ರು. ಗುಂಡೂ ಜೋರು ಮದ್ದಿಂದೇ ಆರಿಸಿ ಕೊಟ್ರು. ಯಾಕಮ್ಮ ಅಂತ ಕೇಳಿದ್ದಕ್ಕೆ, ನನ್ನ ಮಗಳಿಗೆ ಈ ಕೆಲಸ ಬೇಡ ಮೇಷ್ಟ್ರೇ, ನೀವು ಸುಮ್ನಿರಿ ಅಂದ್ರು. ನಿಂಗೆ ಯಾವಾಗ್ಲೋ ಗೊತ್ತಾಗಿದೆ ಅಂದ್ಕೊಂಡಿದ್ದೆ.”

ಗೊತ್ತಾಗಿರಲಿಲ್ಲ ಅಮ್ಮ. ಹನ್ನೊಂದು ವರ್ಷ ಗೊತ್ತಾಗಿರಲಿಲ್ಲ. ಮೇಷ್ಟ್ರು ಹೋದ ಮೇಲೆ ಅವರ ಲೋಟ ತೊಳೆಯಲು ಹೋಗಿ ನಲ್ಲಿಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು.

ನೆನಪಿದೆಯೇ? ನನಗೆ ಇಪ್ಪತ್ತೆರಡು. ಹಣದ ವ್ಯಾನುಗಳಿಗೆ ಕಾವಲು ಕೊಡುವ ಈ ಕಂಪನಿಯಲ್ಲಿ ನೀನು ಆಯುಧಗಳ ಉಸ್ತುವಾರಿ. ಸೆರಗಿನಿಂದ ಹಿಡಿದು ಊಟದ ಡಬ್ಬಿಯವರೆಗೆ ಬಂದೂಕಿನ ಎಣ್ಣೆಯ ವಾಸನೆ. ಅದಕ್ಕೇ ಎಲ್ಲರ ಬಾಯಲ್ಲಿ ಎಣ್ಣೆಯಮ್ಮ. ನಾನೂ ವ್ಯಾನಿನ ಕಾವಲಿಗೆ ಸೇರುತ್ತೇನೆ ಎಂದಾಗ ನೀನು ಬೇಡ ಎನ್ನಲಿಲ್ಲ. ಪರೀಕ್ಷೆಯ ದಿನ ನೀನೇ ಪೆಟ್ಟಿಗೆ ಹಿಡಿದು ಬಂದೆ. ಎಲ್ಲರೆದುರಿಗೆ, “ಹೆಣ್ಮಕ್ಕಳ ಕೈಗೆ ಸಣ್ಣದೇ ಸರಿ, ಹಗುರ ಇದೆ ತಗೋ” ಎಂದೆ. ಅದೇ ಗುಬ್ಬಿ: ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟ ರಿವಾಲ್ವರ್, ಅಲ್ಯೂಮಿನಿಯಂ ಮೈ, ಎರಡು ಬೆರಳಷ್ಟು ನಳಿಗೆ. ಎಷ್ಟು ಮುದ್ದಾಗಿತ್ತೆಂದರೆ ನಾನು ನಿನಗೆ ಥ್ಯಾಂಕ್ಸ್ ಹೇಳಿದೆ. ಈಗ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ಗುಬ್ಬಿ ಹೇಗೆ ಒದೆಯುತ್ತದೆಂದು ನಿನಗೆ ನಾನು ಹೇಳಿಕೊಡಬೇಕೇ? ಗುಂಡು ಮುಂದಕ್ಕೆ ಹೋಗುವಾಗ ಬಂದೂಕು ಹಿಂದಕ್ಕೆ ನುಗ್ಗುತ್ತದೆ. ಬಂದೂಕು ಭಾರವಿದ್ದರೆ ಆ ಒದೆತವನ್ನು ಅರ್ಧ ತಾನೇ ನುಂಗಿಕೊಳ್ಳುತ್ತದೆ. ಹಗುರವಿದ್ದರೆ ಪೂರ್ತಿ ನಮ್ಮ ಕೈಗೆ, ಮೆತ್ತನೆಯ ರಬ್ಬರ್ ಹಿಡಿಯೂ ಇಲ್ಲದಿದ್ದರೆ ಇನ್ನೂ ಜೋರಾಗಿ. ಸಣ್ಣ ಕೈಗೆ ಸಣ್ಣ ಬಂದೂಕು ಎಂದು ಅಂಗಡಿಯವನು ಹೇಳಿದರೆ ಅವನಿಗೆ ತಿಳಿಯದು ಎನ್ನಬಹುದು. ಸಾವಿರಾರು ಬಂದೂಕು ಬಿಚ್ಚಿ ಜೋಡಿಸಿದ ನೀನು ಹೇಳಿದೆ. ಮೊದಲನೇ ಗುಂಡಿಗೇ ಹೆಬ್ಬೆರಳಿನ ಸಂದು ಹರಿಯಿತು. ಎರಡನೆಯದಕ್ಕೆ ಟ್ರಿಗರಿನ ಕಂಬಿ ಬಂದು ನಡುಬೆರಳಿನ ಗೆಣ್ಣಿಗೆ ಬಡಿಯಿತು. ಮೂರನೆಯದಕ್ಕೆ ನಾನು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿದೆ. ಗುಂಡುಗಳೆಲ್ಲ ಗುರಿಹಲಗೆಯ ಕೆಳಗಿನ ಮಣ್ಣಿಗೆ.

ಮೇಷ್ಟ್ರು ಗುಂಡುಗಳ ನಡುವೆ ನನಗೆ ತಿಳಿಯದಂತೆ ಒಂದು ಖಾಲಿ ಕಾಡತೂಸು ಸೇರಿಸಿ ಕೊಟ್ಟರು. ಅಂಜುವ ಕೈಯನ್ನು ಪತ್ತೆಹಚ್ಚಲು ನಾವು ಇಂದಿಗೂ ಮಾಡುವುದು ಅದನ್ನೇ. ಸರದಿ ಅದಕ್ಕೆ ಬಂದಾಗ ಸದ್ದೂ ಇಲ್ಲ, ಒದೆತವೂ ಇಲ್ಲ. ಆದರೂ ನನ್ನ ಕೈ ತಾನಾಗಿಯೇ ಕೆಳಗೆ ಜಗ್ಗಿತು. ಹಿಂದೆ ಸಾಲಾಗಿ ನಿಂತವರು ಗೊಳ್ಳೆಂದು ನಕ್ಕರು. ಮೂರು ಸಲ ಪರೀಕ್ಷೆ, ಮೂರು ಸಲವೂ ಫೇಲು. ಅರ್ಜಿಯ ಮೇಲೆ ‘ಮಣಿಕಟ್ಟಿನಲ್ಲಿ ಕಸುವಿಲ್ಲ’ ಎಂದು ಬರೆದು ಸಹಿ ಹಾಕಿದರು.

ಇಷ್ಟನ್ನು ಹೇಗೋ ಕ್ಷಮಿಸಬಹುದಿತ್ತೇನೋ. ಕ್ಷಮಿಸಲಾಗದ್ದು ಬೇರೆ ಇದೆ. ಆ ಸಂಜೆ ಮನೆಯಲ್ಲಿ ನನ್ನ ಕೈಯನ್ನು ನಿನ್ನ ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆ ಸುತ್ತಿದೆ. “ಹೋಗ್ಲಿ ಬಿಡು, ಎಲ್ರಿಗೂ ಎಲ್ಲ ಒಗ್ಗಲ್ಲ” ಎಂದೆ. ನಾನು ನಿನ್ನ ಮಡಿಲಿನಲ್ಲಿ ಮುಖವಿಟ್ಟು ಅತ್ತೆ. ನೀನು ತಲೆ ಸವರಿದೆ. ಯಾವ ಕೈಯಿಂದ ಸವರಿದೆ ಅಮ್ಮ, ತಿರುಪು ಬಿಚ್ಚಿದ ಕೈಯಿಂದಲೇ?

ಆಮೇಲೆ ಐದು ವರ್ಷ ಆಫೀಸಿನಲ್ಲಿ ಕುಳಿತು ಬೇರೆಯವರ ಡ್ಯೂಟಿ ಪಟ್ಟಿ ಟೈಪು ಮಾಡಿದೆ. ನನ್ನ ಕೈಗೆ ಬಲವಿಲ್ಲ ಎಂಬುದು ನನ್ನ ಹೆಸರಿನಷ್ಟೇ ಖಚಿತವಾಗಿತ್ತು. ಗ್ಯಾಸ್ ಸಿಲಿಂಡರ್ ಸರಿಸಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದೆ. ಮಗ ಹುಟ್ಟಿದಾಗ ಎಲ್ಲಿ ಜಾರಿಸಿಬಿಡುತ್ತೇನೋ ಎಂದು ಮೂರು ತಿಂಗಳು ಅವನಿಗೆ ಸ್ನಾನ ಮಾಡಿಸಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ನೀನು ಮಾಡಿಸುತ್ತಿದ್ದೆ. ಆಗಲಾದರೂ ಹೇಳಬಹುದಿತ್ತು. ಮಗುವಿಗೆ ಸೋಪು ಹಚ್ಚುತ್ತ ಒಂದೇ ಒಂದು ಮಾತು.

ಕೊನೆಗೆ ಮೇಷ್ಟ್ರೇ ಒಂದು ದಿನ ಊಟದ ಬಿಡುವಿನಲ್ಲಿ ಬಾ ಇಲ್ಲಿ ಎಂದು ಕರೆದು ಎಮ್ಮೆಯನ್ನು ನನ್ನ ಕೈಗಿಟ್ಟರು. ಪೂರಾ ಉಕ್ಕಿನ ದೊಡ್ಡ ರಿವಾಲ್ವರ್, ಎತ್ತುವಾಗಲೇ ತೋಳಿಗೆ ಭಾರ ತಿಳಿಯುವಂಥದ್ದು. ಗುಂಡು ಹಾರಿದಾಗ ಯಾರೋ ಅಂಗೈ ಹಿಡಿದು ಗಟ್ಟಿಯಾಗಿ ಹಿಂದಕ್ಕೆ ತಳ್ಳಿದ ಹಾಗಾಯಿತು, ಅಷ್ಟೇ. ಆರಕ್ಕೆ ಐದು ಗುಂಡು ನಡುವಿನ ಕಪ್ಪಿಗೆ ಬಿದ್ದವು. ನಾನು ಮೇಷ್ಟ್ರ ಅದೃಷ್ಟ ಎಂದುಕೊಂಡೆ, ಪವಾಡ ಎಂದುಕೊಂಡೆ, ಏನೇನೋ ಅಂದುಕೊಂಡೆ. ನನ್ನ ತಾಯಿಯ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ನಿನ್ನ ಕಾರಣ ನನಗೆ ಗೊತ್ತು, ಗೊತ್ತಿಲ್ಲ ಎಂದು ನಟಿಸುವುದಿಲ್ಲ. ಕಾವಲಿಗಿದ್ದ ಅಪ್ಪ ಗುಂಡೇಟಿಗೆ ವ್ಯಾನಿನ ಬಾಗಿಲಲ್ಲೇ ಬಿದ್ದುಹೋದರು. ಅವರ ಪಿಸ್ತೂಲು ಎಲ್ಲ ಪಿಸ್ತೂಲುಗಳ ಹಾಗೆ ನಿನ್ನ ಮೇಜಿಗೇ ಬಂತು, ಒಂದೂ ಗುಂಡು ಹಾರದೆ. ನೀನು ಅದನ್ನು ಒರೆಸಿ, ಎಣ್ಣೆ ಹಾಕಿ, ಚೀಟಿ ಅಂಟಿಸಿ, ಹದಿನೈದು ದಿನ ಕಳೆದ ಮೇಲೆ ಇನ್ನೊಬ್ಬರಿಗೆ ಕೊಟ್ಟೆ. ಅಂಥವಳಿಗೆ ಮಗಳನ್ನು ಅದೇ ವ್ಯಾನು ಹತ್ತಿಸಲು ಮನಸ್ಸು ಬರಲಿಲ್ಲ. ಸರಿ. ಹಾಗಾದರೆ ಬೇಡ ಎನ್ನಬೇಕಿತ್ತು. ನಾನು ಕೂಗಾಡುತ್ತಿದ್ದೆ, ಊಟ ಬಿಡುತ್ತಿದ್ದೆ, ನಿನ್ನ ಜೊತೆ ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದೆ. ಬಿಟ್ಟರೆ ಬಿಡಲಿ ಎನ್ನಬೇಕಿತ್ತು. ಮಗಳ ಸಿಟ್ಟು ಎದುರಿಸುವ ಧೈರ್ಯವಿಲ್ಲದೆ ಅವಳ ಕೈಗಳ ಮೇಲೆ ಅವಳಿಗೇ ನಂಬಿಕೆ ಹೋಗುವ ಹಾಗೆ ಮಾಡಿದೆ. ಇದಕ್ಕೆ ಪ್ರೀತಿ ಎಂದು ಹೆಸರಿಟ್ಟರೆ ನನಗೆ ರೇಗುತ್ತದೆ.

ಈಗ ಇದನ್ನೆಲ್ಲ ಯಾಕೆ ತೆಗೆದೆ ಎನ್ನುತ್ತೀಯಾ? ಗುರುವಾರ ಚಿಕ್ಕವಳ ಪರೀಕ್ಷೆ. ನನಗೆ ತಂಗಿಯಾದರೂ ನಾನೇ ಎತ್ತಿ ಆಡಿಸಿದವಳು. ವ್ಯಾನಿನ ಕಾವಲಿಗೇ ಹೋಗುತ್ತೇನೆಂದು ಪಟ್ಟು ಹಿಡಿದು ನನ್ನ ಮನೆಯಲ್ಲಿದ್ದುಕೊಂಡು ತಯಾರಾಗುತ್ತಿದ್ದಾಳೆ. ಮೊನ್ನೆ ಶುಕ್ರವಾರ ಅಭ್ಯಾಸಕ್ಕೆ ನಿಂತಾಗ ಅವಳ ಕೈಯಲ್ಲಿದ್ದದ್ದು ಗುಬ್ಬಿ, ಅದೇ ಮರದ ಹಿಡಿಯೊಂದಿಗೆ. ಅದು ಅವಳ ಕೈಗೆ ಹೇಗೆ ಬಂತೆಂಬುದನ್ನು ಆಮೇಲೆ ಬರೆಯುತ್ತೇನೆ.

ಮೊದಲ ಗುಂಡಿಗೆ ಅವಳ ಹೆಬ್ಬೆರಳಿನ ಸಂದೂ ಹರಿಯಿತು. ಆದರೆ ಅವಳು ನನ್ನ ಹಾಗಲ್ಲ, ಅಳಲಿಲ್ಲ. ಪ್ಲಾಸ್ಟರ್ ಸುತ್ತಿಕೊಂಡು, ಹಲ್ಲು ಕಚ್ಚಿ ಮತ್ತೆ ನಿಂತಳು. ನಲವತ್ತು ಗುಂಡು. ಖಾಲಿ ಕಾಡತೂಸಿನ ಸರದಿ ಬಂದಾಗ ಅವಳ ಕೈಯೂ ಜಗ್ಗಿತು. ಆದರೂ ಕೊನೆಗೆ ಪಾಸಾಗುವಷ್ಟು ಗುಂಡುಗಳನ್ನು ಹೇಗೋ ಹಲಗೆಯೊಳಗೆ ಹಾಕಿದಳು. ಗುರುವಾರವೂ ಹಾಗೇ ಅಂಚಿನಲ್ಲಿ ಪಾಸಾಗುತ್ತಾಳೆ. ನಿನ್ನ ಉಪಾಯ ಇವಳನ್ನು ಮನೆಯಲ್ಲಿ ಕೂರಿಸುವುದಿಲ್ಲ ಅಮ್ಮ. ತನ್ನ ಬಂದೂಕಿಗೆ ತಾನೇ ಹೆದರುವ ಕೈಯೊಂದಿಗೆ ಅಪ್ಪ ನಿಂತ ಬಾಗಿಲಿಗೆ ಕಳಿಸುತ್ತದೆ. ಇದನ್ನು ನೀನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಾನು ಸುಲಭಕ್ಕೆ ಸೋಲುವವಳಾಗಿದ್ದೆ, ನೀನು ಬಚಾವಾದೆ.

ನಿನಗೆ ನೋವಾಗಲಿ ಎಂದೇ ಬರೆದಿದ್ದೇನೆ. ಉತ್ತರ ಬರೆಯಬೇಕೆನಿಸಿದರೆ ಬರೆ. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವುದನ್ನು ಮಾತ್ರ ನಿಲ್ಲಿಸಬೇಡ.

ಇಂತಿ,
ಕಸುವಿಲ್ಲದ ಕೈಯವಳು ಎಂದು ನೀನು ನಂಬಿಸಿದ
ನಿನ್ನ ದೊಡ್ಡ ಮಗಳು

ತಾ.ಕ.: ಆಮೇಲೆ ಬರೆಯುತ್ತೇನೆ ಎಂದಿದ್ದೆನಲ್ಲ. ಗುಬ್ಬಿಯನ್ನು ಚಿಕ್ಕವಳಿಗೆ ಕೊಟ್ಟವಳು ನಾನು. ಮೇಷ್ಟ್ರು ಬಂದುಹೋದ ನಾಲ್ಕನೇ ದಿನಕ್ಕೆ, ಎಲ್ಲ ತಿಳಿದ ಮೇಲೆ. ರಬ್ಬರ್ ಹಿಡಿ ತೆಗೆದು ಮರದ್ದು ಹಾಕಿದವಳೂ ನಾನೇ. ಒಂದೇ ತಿರುಪು, ಎರಡು ನಿಮಿಷದ ಕೆಲಸ. ಕೊಡುವಾಗ ನಿನ್ನ ಮಾತೇ ನನ್ನ ಬಾಯಿಂದ ಬಂತು, ಹಗುರ ಇದೆ ತಗೋ ಎಂದೆ. ಅವಳು ಥ್ಯಾಂಕ್ಸ್ ಅಕ್ಕ ಎಂದಳು. ಮೇಲೆ ಬರೆದದ್ದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಓದುವಾಗ ಅರ್ಧ ಬೈಗುಳ ನನಗೆ ಎಂದುಕೋ. ಇಲ್ಲಿಯವರೆಗೆ ಬರೆದು, ಲಕೋಟೆ ಅಂಟಿಸುವ ಮೊದಲು ಇದನ್ನು ಅವಳಿಗೇ ಓದಲು ಕೊಟ್ಟೆ, ಬಾಯಿಬಿಟ್ಟು ಹೇಳುವ ಧೈರ್ಯ ನನಗೂ ಬರಲಿಲ್ಲ. ಪೂರ್ತಿ ಓದಿದಳು. ಕೂಗಾಡಲಿಲ್ಲ. ಗುರುವಾರ ಅವಳ ಬಂದೂಕನ್ನು ನಾನು ಮುಟ್ಟಕೂಡದಂತೆ. ಕಪಾಟಿನ ಬೀಗದ ಕೈಯನ್ನು ಬೇರೆಯವರಿಗೆ ಒಪ್ಪಿಸಬೇಕಂತೆ. ಈಗ ಒಳಗೆ ಬಟ್ಟೆ ತುಂಬಿಕೊಳ್ಳುತ್ತಿದ್ದಾಳೆ. ಎಲ್ಲಿಗೆ ಎಂದು ಕೇಳಿದೆ. ನಿನಗೂ ಹೇಳಲ್ಲ, ಅಮ್ಮನಿಗೂ ಹೇಳಲ್ಲ ಎಂದಳು.