ಗೆಣಸು ಪೊರೆ ಬಿಡುವಾಗ

ಕೀಲುಂಗ್
ಡಿಸೆಂಬರ್ ೧೪, ರಾತ್ರಿ ಒಂಬತ್ತು

ನನ್ನ ಶ್ಯೂ-ವೇ,

ಸಂಜೆ ಏಳೂ ಹತ್ತಕ್ಕೆ ಪಿಂಗಾಣಿಗೆ ಏನೋ ತಿಕ್ಕಿದ ಸದ್ದಿಗೆ ಎಚ್ಚರವಾಯಿತು. ಪುಟ್ಟಿ ಎದ್ದಳೆಂದುಕೊಂಡೆ. ಅವಳು ಪಕ್ಕದಲ್ಲೇ ಬಾಯಿ ತೆರೆದು ಮಲಗಿದ್ದಳು. ಸದ್ದು ಗಾಜಿನ ಪೆಟ್ಟಿಗೆಯದು. ನಮ್ಮ ಗೆಣಸು ನೀರಿನ ಬಟ್ಟಲ ಅಂಚಿಗೆ ಮೂತಿ ಉಜ್ಜುತ್ತಿದ್ದ, ಬಿಡದೆ, ತುರಿಕೆ ತಾಳಲಾರದವನ ಹಾಗೆ.

ದೀಪ ಹಾಕಿ ನೋಡಿದರೆ ಪೊರೆ ಚೂರುಚೂರಾಗಿ ಹರಿದು ಮೈಗೆ ಒಣ ಕಾಗದದಂತೆ ಅಂಟಿದೆ. ಎರಡೂ ಕಣ್ಣಿನ ಮೇಲಿನದು ಬಿಟ್ಟೇ ಇಲ್ಲ. ಬಾಲದ ತುದಿಯಲ್ಲಿ ಒಂದು ಸುತ್ತು ದಾರದಂತೆ ಬಿಗಿದು ಅದರಾಚೆ ಬಣ್ಣ ಕಪ್ಪಾಗುತ್ತಿತ್ತು. ಹಾಸ್ಟೆಲಿನ ಮಂಚದ ಕೆಳಗೆ ನಾವಿಬ್ಬರೂ ಕದ್ದು ಸಾಕಿದ ಹಾವು ಕಣೇ, ಆರು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ.

ಕಾರಣ ನನಗೆ ಗೊತ್ತು. ಈ ಊರಿನಲ್ಲಿ ಬಿಸಿಲು ಬಿದ್ದು ಹನ್ನೊಂದು ದಿನವಾಯಿತು. ಬಾಣಂತಿಯ ಎಲುಬಿಗೆ ತೇವ ಇಳಿಯಬಾರದೆಂದು ಅತ್ತೆ ಕೋಣೆಯಲ್ಲಿ ತೇವ ಹೀರುವ ಯಂತ್ರ ಒಂದಲ್ಲ, ಎರಡು ಇಟ್ಟು ಗಾಳಿಯನ್ನೇ ಒಣಗಿಸಿದ್ದಾರೆ. ದಿನಕ್ಕೆ ಮೂರು ಸಲ ಅವುಗಳ ತೊಟ್ಟಿ ಖಾಲಿ ಮಾಡುವಾಗ ನನಗೆ ತೋರಿಸುತ್ತಾರೆ: "ನೋಡು, ಇಷ್ಟೂ ನಿನ್ನ ಮೈಗೆ ಸೇರ್ತಿತ್ತು." ಗೆಣಸಿನ ಕಣ್ಣು ಹಾಲಿನಂತೆ ಮಂಜಾದದ್ದನ್ನು ಎಂಟು ದಿನದ ಹಿಂದೆಯೇ ನೋಡಿದ್ದೆ. ಪೊರೆ ಸಡಿಲವಾಗಲೆಂದು ಒದ್ದೆ ಪಾಚಿಯ ಡಬ್ಬಿ ಇಡಬೇಕೆಂದುಕೊಂಡೆ. ಅಷ್ಟರಲ್ಲಿ ಪುಟ್ಟಿ ಅತ್ತಳು. ಆಮೇಲೆ ನೆನಪೇ ಆಗಲಿಲ್ಲ. ಬೋ-ಹಾನ್ ಇದ್ದಿದ್ದರೆ ನೋಡುತ್ತಿದ್ದ. ಅವನ ಹಡಗು ಬಂದರಿಗೆ ಬರುವುದು ನಾಳೆ ಬೆಳಗ್ಗೆ ಆರಕ್ಕೆ.

ಉಗುರುಬೆಚ್ಚಗಿನ ನೀರು ತರಲು ಬಚ್ಚಲಿಗೆ ಹೋದೆ. ನಲ್ಲಿಗೆ ಕೈ ಇಡುವಷ್ಟರಲ್ಲಿ ಬೆನ್ನ ಹಿಂದೆ ಅತ್ತೆ.

"ಅಲ್ಲೇ ನಿಂತ್ಕೋ, ನಲ್ಲಿ ನೀರು ಮುಟ್ಬೇಡ. ಹೆತ್ತು ಇವತ್ತಿಗೆ ಹತ್ತೊಂಬತ್ತೇ ದಿನ. ನಲವತ್ತು ವರ್ಷಕ್ಕೇ ಕೈಕೀಲು ಹಿಡ್ಕೊಂಡು, ಅತ್ತೆ ಸರಿಯಾಗಿ ಬಾಣಂತನ ಮಾಡ್ಲಿಲ್ಲ ಅಂತ ಊರಿಗೆಲ್ಲಾ ಸಾರ್ತೀಯಾ?"

ನಾನು ಅವರನ್ನು ಪೆಟ್ಟಿಗೆಯ ಬಳಿ ಕರೆತಂದೆ. ಅವರಿಗೆ ಇವನೆಂದರೆ ಎಷ್ಟು ಭಯವೆಂದು ನಿನಗೆ ಗೊತ್ತು. ಮಗ ಬೋ-ಹಾನ್‌ನನ್ನೂ "ನಿನ್ನ ಹಗ್ಗಕ್ಕೆ ಊಟ ಆಯ್ತಾ?" ಎಂದೇ ಕೇಳುವುದು. ದೂರದಿಂದ ಕತ್ತು ಚಾಚಿ ಬಾಲವನ್ನು ನೋಡಿದರು. "ಏಳನೇ ತಿಂಗಳಲ್ಲಿ ಬೆರಳು ಊದಿ ನಿನ್ನ ಉಂಗುರ ಸಿಕ್ಕಿಹಾಕ್ಕೊಂಡಿತ್ತಲ್ಲ, ಹಾಗೇ ಇದೆ, ಪಾಪ" ಎಂದರು.

ಬೆಚ್ಚಗಿನ ನೀರು ಎಂದು ಕೈಗೆ ಸಿಕ್ಕಿದ್ದು ನನ್ನ ಬಾಣಂತಿ ಸ್ನಾನದ ಬಕೆಟ್ಟು. ಶುಂಠಿ ಸಿಪ್ಪೆ, ಸೊಪ್ಪು ಕುದಿಸಿ, ಮೇಲೆ ಒಂದು ಬಾಟಲಿ ಅಕ್ಕಿಮದ್ಯ ಸುರಿದದ್ದು. ಅತ್ತೆ ಅದನ್ನೇ ಟಬ್ಬಿಗೆ ಹಾಕಿದರು, ನಾನು ಗೆಣಸನ್ನು ಇಳಿಸಿದೆ. ಕಾಲು ಗಂಟೆಯಲ್ಲಿ ಅವನ ಮೈ ಸಡಿಲವಾಯಿತು. ಬಾಯಿ ಸ್ವಲ್ಪ ತೆರೆಯಿತು. ಆಗ ನನ್ನ ಮೂಗಿಗೆ ಮದ್ಯದ ವಾಸನೆ ಹತ್ತಿತು, ಶ್ಯೂ-ವೇ. ನೀನಿದ್ದಿದ್ದರೆ ನನ್ನ ಕೆನ್ನೆಗೆ ಬಿಗಿಯುತ್ತಿದ್ದೆ.

ಕುಡಿಯುವ ನೀರನ್ನು ಹದವಾಗಿ ಬೆಚ್ಚಗೆ ಮಾಡಿ ಅವನನ್ನು ಮೂರು ಸಲ ತೊಳೆದೆವು. ಅತ್ತೆ ಸ್ಟೂಲಿನ ಮೇಲೆ ಕೂತು ಮಡಿಲಲ್ಲಿ ಒದ್ದೆ ಟವೆಲ್ಲು ಹಾಸಿ, "ಕೊಡು ಇಲ್ಲಿ" ಎಂದರು. ಕಣ್ಣು ಮುಚ್ಚಿಕೊಂಡೇ ಅವನನ್ನು ತೆಗೆದುಕೊಂಡರು. ಟವೆಲ್ಲಿನ ಮಡಿಕೆಯೊಳಗೆ ಅವನು ಮೆಲ್ಲಗೆ ಒಂದು ಗೇಣು ಸರಿದ. ಮೈಮೇಲಿನ ಚೂರುಗಳು ಟವೆಲ್ಲಿಗೆ ಹತ್ತಿದವು, ಬಾಲದ ಬಿಗಿತ ಉಂಗುರದಂತೆ ಕಳಚಿ ಬಂತು. ಅಷ್ಟೇ. ಆಮೇಲೆ ಅಲುಗಾಡಿಲ್ಲ. ಐದು ನಿಮಿಷಕ್ಕೊಮ್ಮೆ ನಾಲಗೆ ಹೊರಗೆ ಬರುತ್ತದೆ; ನಾನು ಗಡಿಯಾರ ನೋಡುತ್ತಾ ಕಾಯುತ್ತೇನೆ.

ಕಣ್ಣನ್ನು ನಾನು ಮುಟ್ಟಿಲ್ಲ. "ಎದೆಹಾಲು ಎರಡು ಹನಿ ಬಿಡು, ಪುಟ್ಟಿ ಕಣ್ಣು ಅಂಟಿದಾಗ ಬಿಟ್ಟಿರ್ಲಿಲ್ವಾ?" ಎನ್ನುತ್ತಾರೆ ಅತ್ತೆ. ನಿನ್ನನ್ನು ಕೇಳದೆ ಏನೂ ಮಾಡುವುದಿಲ್ಲವೆಂದೆ. ಇಲ್ಲಿಯ ಡಾಕ್ಟರು ನಾಯಿ ಬೆಕ್ಕು ಬಿಟ್ಟು ಇನ್ನೇನನ್ನೂ ನೋಡುವುದಿಲ್ಲ. ನಿನಗೆ ನಾಲ್ಕು ಸಲ ಫೋನ್ ಮಾಡಿದೆ. ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ನೀನು ಫೋನನ್ನು ಬೀರುವಿನಲ್ಲಿಡುವುದು ಗೊತ್ತು, ಹನ್ನೆರಡರ ಬಿಡುವಿನಲ್ಲಿ ಇ-ಮೇಲ್ ನೋಡುವುದೂ ಗೊತ್ತು. ಅದಕ್ಕೇ ಎಲ್ಲವನ್ನೂ ಬರೆಯುತ್ತಿದ್ದೇನೆ. ಆ ನೀರು ಅವನ ಹೊಟ್ಟೆಗೆ ಹೋಗಿದ್ದರೆ ಏನು ಮಾಡಲಿ? ಬೆಚ್ಚಗಿಡಲೇ, ಸುಮ್ಮನೆ ಬಿಡಲೇ?

ಅತ್ತೆ ಒಂದು ಗಂಟೆಯಿಂದ ಮಡಿಲು ಕದಲಿಸಿಲ್ಲ. ಊಟಕ್ಕೆ ಕರೆದರೆ, "ಇದು ಮಲಗಿದೆ, ಆಮೇಲೆ" ಎನ್ನುತ್ತಾರೆ. ಈಗ ತಾನೇ ತಲೆ ಎತ್ತದೆ ಕೇಳಿದರು: "ನನ್ನ ನೀರಿಂದಾನೇ ಹೀಗಾಯ್ತಾ?" ಗೊತ್ತಿಲ್ಲ ಎಂದೆ. "ಬೆಳಗ್ಗೆ ಬೋ-ಹಾನ್‌ಗೆ ನಾನೇ ಹೇಳ್ತೀನಿ. ನಿನ್ನ ಮೇಲೆ ಬರೋದು ಬೇಡ" ಎಂದರು.

ಪುಟ್ಟಿ ಎದ್ದಳು. ನಿಲ್ಲಿಸುತ್ತೇನೆ.

ನಿನ್ನ,
ಯುನ್-ಜೆನ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಸುರಿಯುವ ಮೊದಲು ಅತ್ತೆ ಕೇಳಿದ್ದರು, "ಇದ್ರಲ್ಲಿ ಮದ್ಯ ಇದೆ, ಅದಕ್ಕೆ ಆಗತ್ತಾ?" ಎಂದು. ಎರಡು ಸಲ ಕೇಳಿದರು. ಪುಟ್ಟಿ ಮುಲುಗುತ್ತಿದ್ದಳು, ನನಗೆ ಬೇಗ ಮುಗಿದರೆ ಸಾಕಾಗಿತ್ತು. "ಸುರೀರಿ ಅತ್ತೆ, ಏನೂ ಆಗಲ್ಲ" ಎಂದವಳು ನಾನು. ಅದು ಅವರಿಗೆ ಮರೆತೇ ಹೋಗಿದೆ, ನಾನು ನೆನಪಿಸಿಲ್ಲ. ಇವನು ಬದುಕಲಿ, ಬಿಡಲಿ, ಆ ಮಾತನ್ನು ಅವರ ಎದುರು ಹೇಳಲೇಬೇಕು. ಒಬ್ಬಳೇ ಹೇಳಲು ಧೈರ್ಯ ಸಾಲದು. ನೀನು ಫೋನಿನ ಆ ಕಡೆ ಇದ್ದರೆ ಹೇಳಿಬಿಡುತ್ತೇನೆ. ಆರಕ್ಕೆ ಹಡಗು ಬರುತ್ತದೆ ಕಣೇ. ಎಷ್ಟು ಹೊತ್ತಾದರೂ ಸರಿ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡು.