ಹದಿನಾರನೆಯ ಕೈ ಯಾರದ್ದು?

ನರ್ಸಿಂಗ್ ವಿಭಾಗದ ಮಾನ್ಯ ಡೀನರೇ,

ಕಳೆದ ತಿಂಗಳ ಕೊನೆಯ ಗುರುವಾರ ನಿಮ್ಮ ಅಧ್ಯಕ್ಷತೆಯಲ್ಲಿ ನಡೆದ ಆಡಳಿತ ಮಂಡಳಿಯ ಸಭೆ ನಮ್ಮೂರು ಪಾಸೊ ಲಾಪಾಚೊದಲ್ಲಿ ನರ್ಸಿಂಗ್ ತರಗತಿ ನಡೆಸುವ ಉಪಕೇಂದ್ರವನ್ನು ಮುಚ್ಚಲು 'ಸರ್ವಾನುಮತದಿಂದ' ತೀರ್ಮಾನಿಸಿತು ಎಂದು ನಡಾವಳಿಯ ಕರಡಿನಲ್ಲಿ ಬರೆಸಿದ್ದೀರಿ. ಅದು ಸುಳ್ಳು. ನಾನು ವಿರೋಧಿಸಿದ್ದೇನೆ. ಒಂದು ಸಲವಲ್ಲ, ಎರಡು ಸಲ, ಇಡೀ ಸಭಾಂಗಣಕ್ಕೆ ಕೇಳುವಂತೆ ಹೇಳಿದ್ದೇನೆ. ಕೈ ಮಾತ್ರ ಎತ್ತಲಿಲ್ಲ, ಯಾಕೆಂದರೆ ನನ್ನ ಎರಡು ಕೈಗಳೂ ಆಗ ನಿಮ್ಮ ಸೇವೆಯಲ್ಲಿದ್ದವು. ಒಂದರಲ್ಲಿ ಬಿಸಿನೀರಿನ ಫ್ಲಾಸ್ಕ್, ಇನ್ನೊಂದರಲ್ಲಿ ಕುಡಿಯಲು ಯೆರ್ಬಾ ಎಲೆಪುಡಿ ತುಂಬಿದ ನಿಮ್ಮದೇ ಬೆಳ್ಳಿ ಅಂಚಿನ ಸೋರೆಬುರುಡೆಯ ಬಟ್ಟಲು.

ಮನೆಯ ಮಾತನ್ನು ಪತ್ರಿಕೆಗೆ ಕೊಟ್ಟಳಲ್ಲ ಎಂದು ನಿಮಗೆ ಬೇಸರವಾಗಬಹುದು. ನಾನು ಮೊದಲು ಕ್ರಮವಾಗಿಯೇ ನಡೆದುಕೊಂಡೆ. ಸೋಮವಾರ ಅರ್ಜಿ ಹಿಡಿದು ಮಂಡಳಿಯ ಕಾರ್ಯದರ್ಶಿಗಳ ಕಿಟಕಿಗೆ ಹೋದೆ. ಅವರು ಓದಿದರು, ಕನ್ನಡಕ ತೆಗೆದು ಒರೆಸಿದರು.

"ಮಗಳೇ, ನಡಾವಳಿಗೆ ಕೈ ಲೆಕ್ಕ. ಗಂಟಲು ಲೆಕ್ಕ ಅಲ್ಲ."

ಬುಧವಾರ ಮತ್ತೆ ಹೋದೆ. ಅಷ್ಟರಲ್ಲಿ ಅವರಿಗೆ ಇನ್ನೂ ಒಳ್ಳೆಯ ಉತ್ತರ ಹೊಳೆದಿತ್ತು. "ಆಗ ನೀನು ನಿನ್ನ ಕುರ್ಚಿಲೇ ಇರ್ಲಿಲ್ವಲ್ಲ? ಕುರ್ಚಿ ಬಿಟ್ಟೋರು ಸಭೇಲಿ ಇಲ್ಲ ಅಂತಾನೇ ಅರ್ಥ."

ಸರಿ, ಒಪ್ಪಿಕೊಂಡೆ ಎಂದಿಟ್ಟುಕೊಳ್ಳಿ. ನಾನು ಸಭೆಯಲ್ಲಿ ಇರಲೇ ಇಲ್ಲ. ಗಾಳಿಯೇ ಫ್ಲಾಸ್ಕ್ ಹಿಡಿದುಕೊಂಡು ಮೇಜಿನ ಸುತ್ತ ಓಡಾಡಿತು. ಹಾಗಾದರೆ ಅದೇ ಕರಡಿನ ಕೊನೆಯ ಪುಟದಲ್ಲಿ 'ಪರವಾಗಿ: ಹದಿನಾರು' ಎಂದು ಏಕಿದೆ? ಮಂಡಳಿಯ ಸದಸ್ಯರು ಒಟ್ಟು ಹದಿನಾರು. ಅಂದು ಎದ್ದದ್ದು ಹದಿನೈದು ಕೈ. ನಾನು ಎಲ್ಲರ ಬೆನ್ನ ಹಿಂದೆ ನಿಂತಿದ್ದರಿಂದ ಒಂದೊಂದಾಗಿ ಎಣಿಸಲು ನನ್ನಷ್ಟು ಒಳ್ಳೆಯ ಜಾಗ ಇನ್ನಾರಿಗೂ ಇರಲಿಲ್ಲ. ಹದಿನಾರನೆಯ ಕೈ ಯಾರದ್ದು, ಮಾನ್ಯರೇ? ವಿರೋಧಿಸುವಾಗ ಇಲ್ಲದವಳು ಒಪ್ಪಿಕೊಳ್ಳುವಾಗ ಎಲ್ಲಿಂದ ಬಂದಳು?

ಅಂದಿನ ಸಭೆಯನ್ನು ನೀವು ಮರೆತಿರಬಹುದು, ನಾನು ಮರೆಯುವಂತಿಲ್ಲ. ಕಾರ್ಯಸೂಚಿಯಲ್ಲಿ ಎಂಟೇ ವಿಷಯಗಳಿದ್ದವು. ಎಂಟೂ ಮುಗಿದು ಜನ ಚೀಲ ಹುಡುಕತೊಡಗಿದಾಗ, ಮೊದಲೇ ತಿಳಿಸದ ಒಂಬತ್ತನೆಯ ವಿಷಯ ನಿಮ್ಮ ಕಡತದಿಂದ ಹೊರಬಂತು. ಅದನ್ನು ಓದುವ ಮುಂಚೆ ನೀವು ನನ್ನತ್ತ ತಿರುಗಿ, "ಯಾನಿ, ಪುಟ್ಟಿ, ಆ ತುದೀಲಿರೋರಿಗೆ ಏನೂ ಸಿಕ್ಕಿಲ್ಲ ನೋಡು, ಇನ್ನೊಂದು ಸುತ್ತು ಹಾಕ್ಬಿಡು," ಎಂದಿರಿ. ಎದ್ದೆ. ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರ ಕುರ್ಚಿಯ ಹಿಂದೆ ನೀರು ಸುರಿಯುತ್ತಿದ್ದಾಗ ನನ್ನ ಊರಿನ ಹೆಸರು ಕಿವಿಗೆ ಬಿತ್ತು. "ಪರವಾಗಿ ಇರೋರು?" ಎಂದಿರಿ. ಕೈಗಳು ಎದ್ದವು. "ವಿರುದ್ಧ?" ಎಂದು ಕೇಳುವಾಗ ಆಗಲೇ ಕಡತ ಮುಚ್ಚುತ್ತಿದ್ದಿರಿ.

"ನಾನು ವಿರುದ್ಧ!" ಎಂದೆ. ಯಾರೂ ತಿರುಗಲಿಲ್ಲ. "ನಾನು ವಿರುದ್ಧ, ಬರ್ಕೊಳ್ಳಿ!" ಎಂದು ಕೂಗಿದೆ.

ಕೇಳಿಸಲಿಲ್ಲ ಎಂದು ದಯವಿಟ್ಟು ಹೇಳಬೇಡಿ. ನೀವು ನನ್ನನ್ನೇ ನೋಡಿ, "ನಿಧಾನ ಪುಟ್ಟಿ, ಪ್ರೊಫೆಸರ್ ಮೇಲೆ ಚೆಲ್ಲೀಯ," ಎಂದಿರಿ. ಆಮೇಲೆ ಬಟ್ಟಲಿಗಾಗಿ ಕೈ ಚಾಚಿದಿರಿ. ನಾನು ಕೊಟ್ಟೆ. ನೀವು ಕುಡಿದಿರಿ. ಸಭೆ ಮುಗಿಯಿತು.

ಇದಕ್ಕೆ ಸಾಕ್ಷಿ ಇಲ್ಲವೇ ಎಂದರೆ, ಇದೆ. ನನ್ನ ಜೊತೆ ಇನ್ನೂ ಮೂವರು ವಿದ್ಯಾರ್ಥಿ ಪ್ರತಿನಿಧಿಗಳಿದ್ದಾರೆ, ಮೂವರೂ ನಗರದ ಕ್ಯಾಂಪಸ್ಸಿನವರು. ಅವರಲ್ಲೊಬ್ಬ ಮೆಟ್ಟಿಲ ಬಳಿ ನನ್ನ ತೋಳು ಹಿಡಿದು, "ನಂಗೆ ಕೇಳಿಸ್ತು ಕಣೇ. ಎರಡು ಸಲಾನೂ ಕೇಳಿಸ್ತು. ಆದ್ರೆ ನನ್ನ ಹೆಸರು ಎಳೀಬೇಡ, ಡಿಸೆಂಬರ್‌ನಲ್ಲಿ ಅಂಗರಚನೆ ಪರೀಕ್ಷೆ ಇದೆ," ಎಂದ. ನಾನು ಅವನ ಹೆಸರು ಹೇಳುವುದಿಲ್ಲ. ನನಗೂ ಡಿಸೆಂಬರಿನಲ್ಲಿ ಅದೇ ಪರೀಕ್ಷೆ ಇದೆ ಎಂಬುದನ್ನು ಮಾತ್ರ ಅವನಿಗೆ ನೆನಪಿಸಿದೆ.

ಹದಿನೈದು ಕೈ ಎದ್ದಮೇಲೆ ಒಂದು ಕೈಯಿಂದ ಏನಾಗುತ್ತಿತ್ತು ಎಂದು ಓದುಗರು ಕೇಳಬಹುದು. ನಿಮಗೆ ಚೆನ್ನಾಗಿ ಗೊತ್ತಿದೆ, ಆದರೂ ಅವರಿಗಾಗಿ ಬರೆಯುತ್ತೇನೆ. ನಮ್ಮ ವಿಭಾಗದ ನಿಯಮ ಮೂವತ್ತೊಂದರ ಪ್ರಕಾರ, ಉಪಕೇಂದ್ರ ಮುಚ್ಚಲು ಮಂಡಳಿ ಒಮ್ಮತದಿಂದ ಒಪ್ಪಿದರೆ ಅದು ಕೂಡಲೇ ಜಾರಿಗೆ ಬರುತ್ತದೆ. ಒಬ್ಬೇ ಒಬ್ಬ ಸದಸ್ಯ ವಿರೋಧಿಸಿದರೂ ವಿಷಯ ವಿಶ್ವವಿದ್ಯಾಲಯದ ಮೇಲಿನ ಮಂಡಳಿಗೆ ಹೋಗಬೇಕು, ಮತ್ತು ಅಲ್ಲಿ ತೀರ್ಮಾನಿಸುವ ಮೊದಲು ಉಪಕೇಂದ್ರದ ವಿದ್ಯಾರ್ಥಿಗಳನ್ನು ಕರೆದು ಅವರ ಮಾತು ಕೇಳಬೇಕು. ಅಂದರೆ ನನ್ನ ಒಂದು ಕೈಯ ಹಿಂದೆ ಮೂವತ್ತೆಂಟು ಜನ ಮಾತಾಡಲು ಕಾಯುತ್ತಿದ್ದರು. ಅದು ಗೊತ್ತಿದ್ದೇ ನನ್ನನ್ನು ಕುರ್ಚಿಯಿಂದ ಎಬ್ಬಿಸಿದಿರಾ, ಅಥವಾ ನಿಮಗೆ ನಿಜವಾಗಿಯೂ ಅಷ್ಟು ಬಾಯಾರಿತ್ತೇ? ನಾನು ಎರಡನೆಯದನ್ನೇ ನಂಬಲು ಬಹಳ ಪ್ರಯತ್ನಪಟ್ಟೆ.

ಆ ಮೂವತ್ತೆಂಟರಲ್ಲಿ ಒಬ್ಬರ ವಿಷಯ ಹೇಳುತ್ತೇನೆ. ನಾವೆಲ್ಲ ಗೌರವದಿಂದ ದೊನ್ಯಾ ಎಂದು ಕರೆಯುವ ರಮೋನಾ ಅವರಿಗೆ ನಲವತ್ತಾರು ವರ್ಷ. ಪಾಸೊ ಲಾಪಾಚೊದ ಆರೋಗ್ಯ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷಗಳಿಂದ ಸಹಾಯಕಿ. ಡಾಕ್ಟರು ಬರುವುದು ಮಂಗಳವಾರ ಮಾತ್ರ. ಉಳಿದ ದಿನ ಜ್ವರ, ಹಾವು ಕಡಿತ, ಹೆರಿಗೆ ನೋವು, ಎಲ್ಲಕ್ಕೂ ಅವರೇ. ನನ್ನ ಮೊದಲ ಚುಚ್ಚುಮದ್ದು ಹಾಕಿದ್ದೂ ಅವರೇ, ಆಗ ನಾನು ಅವರ ಬೆರಳು ಕಚ್ಚಿದ್ದೆನಂತೆ. ನರ್ಸ್ ಎಂಬ ಹೆಸರಿಗೆ ಅವರಿಗೆ ಇನ್ನು ಎರಡೇ ವಿಷಯ ಬಾಕಿ. ನಿಮ್ಮ ನಿರ್ಣಯ ಅವರಿಗೆ ನೂರನಲವತ್ತು ಕಿಲೋಮೀಟರ್ ದೂರದ ನಗರದಲ್ಲಿ ಪಾಠ ಮುಂದುವರಿಸಲು 'ಅವಕಾಶ ಕಲ್ಪಿಸಿದೆ'. ಅಲ್ಲಿ ತರಗತಿ ಬಿಡುವುದು ಸಂಜೆ ಏಳಕ್ಕೆ, ನಮ್ಮೂರಿನ ಕೊನೆಯ ಬಸ್ಸು ಆರಕ್ಕೆ. ಅವಕಾಶ ಕಲ್ಪಿಸಿದವರು ಬಸ್ಸನ್ನೂ ಕಲ್ಪಿಸಿಕೊಂಡಿರಬೇಕು.

ಏಪ್ರಿಲ್‌ನ ಚುನಾವಣೆಯಲ್ಲಿ ನನಗಾಗಿ ಮನೆಮನೆ ತಿರುಗಿದ್ದು ಇದೇ ದೊನ್ಯಾ ರಮೋನಾ. ಸಭೆಯ ಮರುದಿನ ನಾನು ಊರಿಗೆ ಬರುವ ಹೊತ್ತಿಗೆ ನಿಮ್ಮ ನಿರ್ಣಯ ನನಗಿಂತ ಮೊದಲೇ ಬಂದು, ನಮ್ಮ ತರಗತಿ ನಡೆಯುವ ಶಾಲೆಯ ಬಾಗಿಲಿಗೆ ಅಂಟಿಕೊಂಡಿತ್ತು. ಅದರ ಮುಂದೆ ಎಲ್ಲರೂ ನಿಂತಿದ್ದರು.

"ಬಾ ಸಣಕಲಿ," ಎಂದರು ದೊನ್ಯಾ ರಮೋನಾ. "ಇಲ್ಲೇನ್ ಬರ್ದಿದೆ, ಜೋರಾಗಿ ಓದು."

ಓದಿದೆ.

"ಸರ್ವಾನುಮತ ಅಂದ್ರೆ ಎಲ್ರೂ ಅಂತ ತಾನೇ?"

"ಹೌದು ದೊನ್ಯಾ."

"ಆ ಎಲ್ರಲ್ಲಿ ನೀನೂ ಸೇರಿದ್ಯಾ?"

ನಡೆದದ್ದನ್ನೆಲ್ಲ ಹೇಳಿದೆ. ಹೇಳುತ್ತಾ ಹೋದಂತೆ ನನಗೇ ಅದು ನೆವದಂತೆ ಕೇಳಿಸತೊಡಗಿತು. ಹಿಂದಿನಿಂದ ಬೇಕರಿಯ ನೆಲಿದಾ, "ಅಯ್ಯೋ ಪಾಪ, ಕೈಲಿ ಕೆಲ್ಸ ಇತ್ತಂತೆ! ಯೆರ್ಬಾ ಹೆಂಗಿತ್ತಮ್ಮಾ, ನೊರೆ ಬಂದಿತ್ತಾ?" ಎಂದಳು. ನಾಲ್ಕಾರು ಜನ ನಕ್ಕರು. ದೊನ್ಯಾ ರಮೋನಾ ನಗಲಿಲ್ಲ.

"ಫ್ಲಾಸ್ಕ್ ಕೈಬಿಟ್ಟುಬಿಡ್ಬೇಕಿತ್ತು ಕಣೇ," ಎಂದರು. "ಬಿದ್ರೆ ಬೀಳ್ಲಿ ಅಂತ. ಗಾಜು ಒಡೆದ ಸದ್ದಾದ್ರೂ ಅವ್ರಿಗೆ ಕೇಳಿಸ್ತಿತ್ತು."

ಆಮೇಲೆ ಅವರು ಕೆಲಸಕ್ಕೆ ಹೊತ್ತಾಯಿತೆಂದು ಹೊರಟುಹೋದರು. ಮಾನ್ಯರೇ, ನನಗೆ ಆದ ನಾಚಿಕೆಯ ಕಾಲು ಭಾಗ ನಿಮಗೆ ಆಗಿದ್ದರೂ ಈ ಪತ್ರದ ಅಗತ್ಯವಿರುತ್ತಿರಲಿಲ್ಲ. ಅಂದಿನಿಂದ ಊರಿನಲ್ಲಿ ನನ್ನನ್ನು 'ಡೀನರ ಪರಿಚಾರಕಿ' ಎನ್ನುತ್ತಾರೆ.

ತಪ್ಪೆಲ್ಲ ನಿಮ್ಮದೇ ಎಂದು ನಾನು ಹೇಳುತ್ತಿಲ್ಲ. ಮೊದಲ ಸಭೆಯ ದಿನ ನೀವು, "ಎಲ್ಲರಿಗಿಂತ ಚಿಕ್ಕವಳು ನೀನೇ ಅಲ್ವಾ? ಇಲ್ಲಿ ಯೆರ್ಬಾ ಹಾಕ್ಕೊಡೋದು ಚಿಕ್ಕವ್ರ ಕೆಲ್ಸ," ಎಂದು ಫ್ಲಾಸ್ಕ್ ಕೊಟ್ಟಾಗ ನಾನು ಉಬ್ಬಿಹೋದೆ. ದೊಡ್ಡವರೆಲ್ಲ ಒಂದೇ ಕೊಳವೆಯಿಂದ ಕುಡಿಯುವ ಸುತ್ತಿನಲ್ಲಿ ನನ್ನನ್ನೂ ಸೇರಿಸಿಕೊಂಡರಲ್ಲ ಎಂದು ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ನಮ್ಮಲ್ಲಿ ಹಾಕಿಕೊಡಲು ಕೂತವರು ಸುತ್ತು ಮುಗಿಯುವವರೆಗೆ ಕೈ ಬದಲಿಸುವುದಿಲ್ಲ, ನಡುವೆ ಎದ್ದು ಬೇರೆ ಕೆಲಸ ನೋಡುವುದೂ ಇಲ್ಲ. ಈ ಮರ್ಯಾದೆ ನನ್ನ ಮೈಗೆ ಎಷ್ಟು ಹತ್ತಿಹೋಗಿದೆಯೆಂದರೆ, ಊರಿನ ತರಗತಿ ಹೋಗುತ್ತಿದ್ದರೂ ಬಟ್ಟಲು ಕೆಳಗಿಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಆ ಒಂದು ಗಳಿಗೆಗಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ. ಆದರೆ ನನ್ನ ಪೆದ್ದುತನ ನನ್ನ ಮತವನ್ನು ತಿರುಚುವ ಪರವಾನಗಿ ಹೇಗಾಯಿತು?

ಪ್ರತಿ ಜೂನ್‌ನಲ್ಲಿ ವಿಶ್ವವಿದ್ಯಾಲಯ ಸುಧಾರಣೆಯ ದಿನದಂದು ನೀವು ಭಾಷಣ ಮಾಡುತ್ತೀರಿ. ನೂರು ವರ್ಷಕ್ಕೂ ಹಿಂದೆ ಕೋರ್ದೊಬಾದ ವಿದ್ಯಾರ್ಥಿಗಳು ಬೀದಿಗಿಳಿದು, ಕಟ್ಟಡ ಹಿಡಿದು, ಜೈಲಿಗೂ ಹೋಗಿ ನಮಗೆ ಮಂಡಳಿಯಲ್ಲಿ ಕುರ್ಚಿ ಗಿಟ್ಟಿಸಿಕೊಟ್ಟರು ಎನ್ನುವಾಗ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತೀರಿ. ಈ ವರ್ಷ ಮೊದಲ ಸಾಲಿನಲ್ಲಿ ಕೂತು ನಾನೂ ಚಪ್ಪಾಳೆ ಹೊಡೆದೆ. ಅಂದು ಆ ಹುಡುಗರನ್ನು ಎಬ್ಬಿಸಲು ಪೊಲೀಸರು ಬೇಕಾಯಿತು. ನನ್ನನ್ನು ಎಬ್ಬಿಸಲು ಒಂದು ಫ್ಲಾಸ್ಕ್ ಸಾಕಾಯಿತು. ಮುಂದಿನ ಜೂನ್‌ನ ಭಾಷಣದಲ್ಲಿ ಇದನ್ನೂ ಸೇರಿಸಿಕೊಂಡರೆ ಉಪಕಾರ.

ಹದಿನಾಲ್ಕನೇ ತಾರೀಖಿನ ಸಭೆಯಲ್ಲಿ ಕರಡು ಅಂಗೀಕಾರಕ್ಕೆ ಬರುತ್ತದೆ. ಅಂದು ಅದು ಹಾಗೇ ದಾಟಿಬಿಟ್ಟರೆ ಮತ್ತೆ ಯಾರೂ ತೆರೆಯುವಂತಿಲ್ಲ. ಅದಕ್ಕೇ ಈಗಲೇ ಕೇಳುತ್ತಿದ್ದೇನೆ: ಹದಿನಾರನ್ನು ಹೊಡೆದು ಹದಿನೈದು ಎಂದು ಬರೆಸಿ, ವಿರುದ್ಧ ಒಂದು ಎಂದು ಸೇರಿಸಿ, ಪಕ್ಕದಲ್ಲಿ ನನ್ನ ಹೆಸರು ಹಾಕಿಸಿ. ಶಾಲೆಯ ಬಾಗಿಲಿನ ಕಾಗದ ತೆಗೆಸಿ. ಕಡತವನ್ನು ಮೇಲಿನ ಮಂಡಳಿಗೆ ಕಳಿಸಿ. ಅವರೂ ಮುಚ್ಚಲೇಬೇಕು ಎಂದರೆ ಎನ್ನಲಿ, ಆದರೆ ದೊನ್ಯಾ ರಮೋನಾ ಅವರ ಮುಖ ನೋಡಿ ಎನ್ನಲಿ.

ಮಂಡಳಿಯ ಸಭೆ ಸಾರ್ವಜನಿಕರಿಗೆ ತೆರೆದದ್ದು, ಆದ್ದರಿಂದ ಹದಿನಾಲ್ಕರಂದು ಆ ಮೂವತ್ತೆಂಟೂ ಜನ ಬಂದು ಹಿಂದಿನ ಬೆಂಚುಗಳಲ್ಲಿ ಕೂರುತ್ತಾರೆ. ನೆಲಿದಾ ಕೂಡ ಬೇಕರಿ ಮುಚ್ಚಿ ಬರುತ್ತಾಳಂತೆ, ನನ್ನನ್ನು ನಂಬಿ ಅಲ್ಲ, ಪರೀಕ್ಷಿಸಲು. ಅವರವರ ಫ್ಲಾಸ್ಕ್ ಅವರವರೇ ತರುತ್ತಾರೆ. ನಾನು ನನ್ನ ಕುರ್ಚಿಯಲ್ಲಿ, ಎರಡೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂರುತ್ತೇನೆ. ನಿಮಗೆ ಯೆರ್ಬಾ ಬೇಕೆನಿಸಿದರೆ ನೀವೇ ಎದ್ದು ನೀರು ತರಬೇಕಾಗುತ್ತದೆ. ಧೈರ್ಯವಾಗಿ ಹೋಗಿಬನ್ನಿ. ನೀವು ಎದ್ದುಹೋದ ಹೊತ್ತಿನಲ್ಲಿ ನಿಮ್ಮ ಹೆಸರಿನಲ್ಲಿ ನಾವು ಕೈ ಎತ್ತುವುದಿಲ್ಲ.

ಇಂತಿ,
ನಿಮ್ಮ ನಡಾವಳಿಯಲ್ಲಿ ಒಪ್ಪಿಗೆ ಕೊಟ್ಟವಳು, ನಿಮ್ಮ ಎದುರಿನಲ್ಲಿ ಕೊಡದವಳು,
ಯಾನಿನಾ ಒವೆಲಾರ್
ವಿದ್ಯಾರ್ಥಿ ಪ್ರತಿನಿಧಿ, ಪಾಸೊ ಲಾಪಾಚೊ ಉಪಕೇಂದ್ರ
(ಬಾಗಿಲು ತೆರೆದಿರುವವರೆಗೆ)